17 ವರ್ಷದ ಡಕ್ಟೆಡ್ ಎಸಿ ಕೈಕೊಟ್ಟಿದೆ, ಹಳೇ ಡಕ್ಟಿಗೇ ಹೊಸ ಮಷಿನ್ ಕೂರಿಸಬಹುದಾ? (ಬಳ್ಳಾರಿ)

ಬಿಸಿಲ_ಬಳ್ಳಾರಿ · ಮೇ 6

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡಿ.

ನಮ್ಮ ಮನೆ ಬಳ್ಳಾರಿಯಲ್ಲಿ, ಸತ್ಯನಾರಾಯಣಪೇಟೆ ಕಡೆ. ಅಪ್ಪ 2008ರಲ್ಲಿ ಕಟ್ಟಿಸಿದ್ದು. ಆಗ ಮೈನಿಂಗ್ ಜೋರಿದ್ದ ಕಾಲ, ನಮ್ಮವೂ ಎರಡು ಲಾರಿ ಓಡುತ್ತಿದ್ದವು, ಕೈಯಲ್ಲಿ ನಾಲ್ಕು ಕಾಸಿತ್ತು. ಯಾರದೋ ಗೃಹಪ್ರವೇಶಕ್ಕೆ ಹೋಗಿ ಬಂದವರು ‘ಮನೆ ಪೂರ್ತಿ ತಂಪಿರಬೇಕು, ಗೋಡೆ ಮೇಲೆ ಡಬ್ಬಿ ಕಾಣಬಾರದು’ ಅಂತ ಹಠ ಹಿಡಿದು 8.5 ಟನ್ ಡಕ್ಟೆಡ್ ಎಸಿ ಹಾಕಿಸಿದರು. ಹಾಲ್, ಊಟದ ಜಾಗ, ನಾಲ್ಕು ಬೆಡ್‌ರೂಮು, ಎಲ್ಲಕ್ಕೂ ಒಂದೇ ಮಷಿನ್. ಇಂಡೋರ್ ಬಾತ್‌ರೂಮಿನ ಅಟ್ಟದ ಮೇಲೆ, ಔಟ್‌ಡೋರ್ ಮಾಳಿಗೆ ಮೇಲೆ. ತಂಪು ಗಾಳಿಯನ್ನು ರೂಮುಗಳಿಗೆ ಒಯ್ಯುವ ಡಕ್ಟು ಪೂರ್ತಿ ಪಿಒಪಿ ಸೀಲಿಂಗ್ ಒಳಗೆ.

ಈ ಬೇಸಿಗೆಯಲ್ಲಿ ಅದು ಸೋತುಹೋಗಿದೆ. ಹಾಲ್ ಪರವಾಗಿಲ್ಲ, ಹಿಂದಿನ ರೂಮಲ್ಲಿ ಗ್ರಿಲ್ ಕೆಳಗೆ ನಿಂತರೂ ಬೆವರು. ಮಾರ್ಚಲ್ಲಿ ಒಮ್ಮೆ ಗ್ಯಾಸ್ ಹಾಕಿಸಿದೆ, ಏಪ್ರಿಲ್ ಕೊನೆಗೆ ಮತ್ತೊಮ್ಮೆ. ಏಪ್ರಿಲ್ ಬಿಲ್ 1,480 ಯೂನಿಟ್. ಮೂರು ಜನ ಮೆಕ್ಯಾನಿಕ್ ಬಂದು ನೋಡಿದರು. ಒಬ್ಬ ಔಟ್‌ಡೋರ್ ಮಾತ್ರ ಬದಲಿಸಿ ಅಂದ. ಇನ್ನೊಬ್ಬ ಆರ್‌22 ಗ್ಯಾಸ್ ಬ್ಯಾನ್ ಆಗಿದೆ, ಪೂರ್ತಿ ತೆಗೀರಿ ಅಂದ. ಮೂರನೆಯವನು ಡಕ್ಟು ಚೆನ್ನಾಗಿದೆ, ಅದಕ್ಕೇ ಹೊಸ 8.5 ಟನ್ ಇನ್ವರ್ಟರ್ ಎಸಿ (ಬೇಕಾದಷ್ಟೇ ಸ್ಪೀಡಿನಲ್ಲಿ ಓಡುವಂಥದ್ದು) ಕೂರಿಸುತ್ತೇನೆ, 3 ಲಕ್ಷ 60 ಸಾವಿರ ಅಂದ. ಡಕ್ಟು ಚೆನ್ನಾಗಿದೆ ಅಂತ ಅವನಿಗೆ ಹೇಗೆ ಗೊತ್ತಾಯಿತೋ, ಸೀಲಿಂಗ್ ಬಿಚ್ಚಲೇ ಇಲ್ಲ.

ಏನು ಮಾಡಲಿ?

ಜೀನ್ಸ್_ಗಲ್ಲಿ · ಮೇ 6

ಕಿತ್ತು ಹಾಕಿ ಅಣ್ಣ. ನಾಲ್ಕು ಸ್ಪ್ಲಿಟ್ ಹಾಕಿಸಿ. ಮುಗೀತು.

ಪಾನಾ_ಗೇಜು · ಮೇ 6

ಅಷ್ಟು ಅವಸರ ಬೇಡ ಗುರುವೇ. 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಹೊಸಪೇಟೆ, ಬಳ್ಳಾರಿ, ತೋರಣಗಲ್ಲು ಸುತ್ತ.

ಮೊದಲು ಆ ಗ್ಯಾಸಿನ ಮಾತು. ಆರ್‌22 ಹಾಕಿ ಹೊಸ ಮಷಿನ್ ತಯಾರಿಸೋದು ನಮ್ಮ ದೇಶದಲ್ಲಿ 2025ರ ಜನವರಿ 1ರಿಂದ ನಿಂತಿದೆ. ಇರುವ ಮಷಿನಿಗೆ ಸರ್ವಿಸ್ ಮಾಡಿ ಗ್ಯಾಸ್ ತುಂಬೋದು ನಿಂತಿಲ್ಲ. ರೇಟು ಮಾತ್ರ ಏರುತ್ತಾ ಹೋಗುತ್ತದೆ. ಹಾಗಾಗಿ ಬ್ಯಾನ್ ಅಂದದ್ದು ಅರ್ಧ ಸತ್ಯ, ಇನ್ನರ್ಧ ವ್ಯಾಪಾರ.

ಎರಡನೆಯದು, ಎಸಿ ಗ್ಯಾಸು ಲಾರಿ ಡೀಸೆಲ್ ಅಲ್ಲ, ಓಡಿದಷ್ಟೂ ಖರ್ಚಾಗೋಕೆ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಾ ಇರುತ್ತದೆ. ಎರಡು ತಿಂಗಳಲ್ಲಿ ಎರಡು ಸಲ ಹಾಕಿಸಿದ್ದೀರಿ ಅಂದರೆ ಎಲ್ಲೋ ಲೀಕ್ ಇದೆ, ಮತ್ತು ಬಂದವನು ಅದನ್ನು ಹುಡುಕಲಿಲ್ಲ.

ಒಂದು ಕೆಲಸ ಮಾಡಿ. ವಯರು ಇರುವ ಡಿಜಿಟಲ್ ಥರ್ಮಾಮೀಟರ್ ಮುನ್ನೂರು ರೂಪಾಯಿಗೆ ಸಿಗುತ್ತದೆ. ಎಸಿ ಅರ್ಧ ಗಂಟೆ ಓಡಲಿ. ಆಮೇಲೆ ಮೂರು ಕಡೆ ಅಳೆದು ಇಲ್ಲಿ ಬರೆಯಿರಿ: ಗಾಳಿ ವಾಪಸ್ ಎಳೆಯುವ ರಿಟರ್ನ್ ಗ್ರಿಲ್, ಮಷಿನಿಗೆ ಹತ್ತಿರದ ಗ್ರಿಲ್, ಎಲ್ಲಕ್ಕಿಂತ ದೂರದ ಗ್ರಿಲ್.

ಕೃಷ್ಣೆ_ದಂಡೆ · ಮೇ 7

ರಾಯಚೂರಿಂದ ಬರೆಯುತ್ತಿದ್ದೇನೆ. ನಾವು ನಾಲ್ಕು ವರ್ಷದ ಹಿಂದೆ ನಿಮ್ಮ ಮೂರನೇ ಮೆಕ್ಯಾನಿಕ್ ಹೇಳಿದ್ದನ್ನೇ ಮಾಡಿದೆವು, ಅದಕ್ಕೇ ಹೇಳುತ್ತೇನೆ ಕೇಳಿ. ಹಳೇ ಡಕ್ಟು ಇಟ್ಟುಕೊಂಡು ಮಷಿನ್ ಮಾತ್ರ ಹೊಸದು. ಮೊದಲ ವಾರ ಸ್ವರ್ಗ. ಆಮೇಲೆ ಅದೇ ರಾಗ. ಹಿಂದಿನ ರೂಮಿಗೆ ತಂಪು ಹೋಗುತ್ತಲೇ ಇರಲಿಲ್ಲ. ಕೊನೆಗೆ ಡ್ರೈನ್ ಪೈಪ್ ಕಟ್ಟಿಕೊಂಡು ಸೀಲಿಂಗ್ ನೆನೆದು ಒಂದು ಹಾಳೆ ಕಳಚಿ ಮಂಚದ ಮೇಲೆ ಬಿತ್ತು, ಪುಣ್ಯಕ್ಕೆ ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಆಗ ಒಳಗಿನ ಅವತಾರ ಕಣ್ಣಿಗೆ ಬಿತ್ತು. ಡಕ್ಟಿನ ಮೇಲೆ ಸುತ್ತಿದ್ದ ಗ್ಲಾಸ್ ವೂಲನ್ನು ಇಲಿ ಕಿತ್ತು ಗೂಡು ಕಟ್ಟಿದೆ. ಜಾಯಿಂಟಿಗೆ ಹಚ್ಚಿದ್ದ ಬಟ್ಟೆ ಟೇಪು ಒಣಗಿ ಹಪ್ಪಳದ ಹಾಗೆ ಎದ್ದಿದೆ. ಹೊಸ ಮಷಿನಿನ ತಂಪೆಲ್ಲ ಸೀಲಿಂಗ್ ಒಳಗಿನ ಇಲಿಗಳಿಗೆ.

ಸೀಲಿಂಗಿಗೆ ಒಂದು ಬಾಗಿಲು ಕೊರೆಸಿ ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ.

ಗಂಗಾವತಿ_ಸೋನಾ · ಮೇ 7

ಎಲ್ಲರೂ ಡಕ್ಟನ್ನೇ ಬೈತಾ ಇದ್ದೀರಿ. ನಮ್ಮದೂ ಡಕ್ಟೆಡ್, 5.5 ಟನ್, 13 ವರ್ಷ ಆಯಿತು. ಹೋದ ವರ್ಷ ಹೀಗೇ ತಂಪು ಕಮ್ಮಿ ಆಗಿತ್ತು. ನೋಡಿದರೆ ಇಂಡೋರಿಗೂ ಡಕ್ಟಿಗೂ ನಡುವೆ ಕ್ಯಾನ್ವಾಸ್ ಜೋಡಣೆ ಇರುತ್ತದಲ್ಲ, ಅದು ಹರಿದಿತ್ತು. ಅದನ್ನು ಬದಲಿಸಿ, ಜಾಯಿಂಟಿಗೆಲ್ಲ ಸೀಲೆಂಟ್ ಬಳಿದು ಅಲ್ಯೂಮಿನಿಯಂ ಟೇಪ್ ಸುತ್ತಿಸಿದೆ. ಒಟ್ಟು 9 ಸಾವಿರ. ಈಗ ಹೊದ್ದುಕೊಂಡು ಮಲಗುತ್ತೇವೆ. ಡಕ್ಟೆಡ್ ಗಾಳಿಯ ಸುಖ ಸ್ಪ್ಲಿಟ್‌ನಲ್ಲಿ ಇಲ್ಲ ರೀ, ಸ್ಪ್ಲಿಟ್ ಮುಖಕ್ಕೆ ಹೊಡೆಯುತ್ತದೆ.

ಬಿಸಿಲ_ಬಳ್ಳಾರಿ · ಮೇ 8

ಅಳೆದೆ. ಮಧ್ಯಾಹ್ನ ಮೂರು ಗಂಟೆ. ರಿಟರ್ನ್ 29. ಹಾಲಿನ ಮೊದಲ ಗ್ರಿಲ್ 17. ಹಿಂದಿನ ರೂಮಿನ ಗ್ರಿಲ್ 22. ಗಾಳಿಯೂ ಕಮ್ಮಿ ಅಲ್ಲಿ, ಟಿಶ್ಯೂ ಪೇಪರ್ ಹಿಡಿದರೆ ಸುಮ್ನೆ ಅಲ್ಲಾಡುತ್ತದೆ ಅಷ್ಟೆ.

ಸೀಲಿಂಗೂ ಒಂದು ಕಡೆ ಕೊರೆಸಿದೆ. ಇಲಿ ಇಲ್ಲ. ಆದರೆ ಒಳಗೆ ಕೈ ಹಾಕಿದರೆ ಒಲೆ ಮುಂದೆ ನಿಂತ ಹಾಗೆ. ಮೇಲಿನ ಸ್ಲ್ಯಾಬ್ ಮುಟ್ಟೋಕೆ ಆಗಲಿಲ್ಲ. ಡಕ್ಟಿನ ಕೆಳಭಾಗಕ್ಕೆ ಇನ್ಸುಲೇಷನ್ ಇದೆ, ಸ್ಲ್ಯಾಬಿನ ಕಡೆ ಮೈಗೆ ಇಲ್ಲವೇ ಇಲ್ಲ!

ಪಾನಾ_ಗೇಜು · ಮೇ 8

ಕೈ ಹೋಗದ ಕಡೆ ಇನ್ಸುಲೇಷನ್ ಹಾಕಿಲ್ಲ, ಅಷ್ಟೆ. ಮೊದಲು ಸ್ಲ್ಯಾಬಿಗೆ ಡಕ್ಟು ಕಟ್ಟಿ ಆಮೇಲೆ ಸುತ್ತಲು ಹೋದರೆ ಹೀಗೇ ಆಗೋದು. ಇದನ್ನು ತುಂಬಾ ಕಡೆ ನೋಡಿದ್ದೇನೆ.

ಈಗ ನಿಮ್ಮ ಲೆಕ್ಕ ನೋಡಿ. ರಿಟರ್ನಿಗೂ ಮೊದಲ ಗ್ರಿಲ್ಲಿಗೂ 12 ಡಿಗ್ರಿ ವ್ಯತ್ಯಾಸ. ಒಳ್ಳೇ ಮಷಿನಿನಲ್ಲಿ 8ರಿಂದ 12 ಬರಬೇಕು. ಅಂದರೆ ಹೊಸದಾಗಿ ಗ್ಯಾಸ್ ತುಂಬಿದ ಮೇಲೆ ನಿಮ್ಮ ಮುದಿ ಮಷಿನ್ ಇವತ್ತಿಗೂ ತನ್ನ ಕೆಲಸ ಮಾಡುತ್ತಿದೆ. ಹಿಂದಿನ ರೂಮಿಗೆ ಹೋಗುವಷ್ಟರಲ್ಲಿ 12ರಲ್ಲಿ 5 ಡಿಗ್ರಿ ದಾರಿಯಲ್ಲೇ ಹೋಯಿತು, ಉಳಿದದ್ದು 7. ಅದರ ಮೇಲೆ ಗಾಳಿಯೂ ಸೋರಿದೆ. ಇದೇ ಡಕ್ಟಿಗೆ ಮೂರುವರೆ ಲಕ್ಷದ ಇನ್ವರ್ಟರ್ ಜೋಡಿಸಿದರೂ ಆ 5 ಡಿಗ್ರಿ ವಾಪಸ್ ಬರೋದಿಲ್ಲ. ತೂತು ಬಿದ್ದ ಪೈಪಿಗೆ ದೊಡ್ಡ ಮೋಟರ್ ಕೂರಿಸಿದ ಹಾಗೆ.

ಔಟ್‌ಡೋರ್ ಮಾತ್ರ ಬದಲಿಸೋ ಮಾತನ್ನು ಮರೆತುಬಿಡಿ. ಹೊಸ ಔಟ್‌ಡೋರ್ ಆರ್‌32 ಅಥವಾ ಆರ್‌410ಎ ಅನ್ನೋ ಹೊಸ ಗ್ಯಾಸ್ ಮೇಲೆ ಓಡುತ್ತದೆ. ಅವುಗಳ ಪ್ರೆಷರ್ ಆರ್‌22ಗಿಂತ ಸುಮಾರು ಒಂದೂವರೆ ಪಟ್ಟಿಗೂ ಜಾಸ್ತಿ. ನಿಮ್ಮ ಹಳೇ ಇಂಡೋರ್ ಕಾಯಿಲ್ ಆ ಪ್ರೆಷರಿಗೆ ಮಾಡಿದ್ದಲ್ಲ, ಒಳಗಿನ ಆಯಿಲ್ ಕೂಡ ಬೇರೆ ಜಾತಿ.

ಕೊಪ್ಪಳದವ · ಮೇ 8

ಆರ್‌22 ಬದಲು ಹಾಕೋ ಸೋವಿ ಗ್ಯಾಸ್ ಬಂದಿದೆಯಂತಲ್ಲ? ನಮ್ಮ ಪಕ್ಕದ ಅಂಗಡಿಯವರಿಗೆ ಹಾಕಿದ್ದಾರೆ, ಕರೆಂಟೂ ಕಮ್ಮಿ ಬರುತ್ತಿದೆ ಅಂತಾರೆ.

ಪಾನಾ_ಗೇಜು · ಮೇ 8

ಯಾವ ಗ್ಯಾಸ್ ಅಂತ ಸಿಲಿಂಡರ್ ಮೇಲಿನ ಹೆಸರು ಓದಿಸಿ. ಕೆಲವರು ಪ್ರೊಪೇನ್ ಜಾತಿಯ ಗ್ಯಾಸ್ ತುಂಬುತ್ತಾರೆ. ತಂಪೇನೋ ಚೆನ್ನಾಗಿಯೇ ಕೊಡುತ್ತದೆ, ಸುಳ್ಳಲ್ಲ. ಆದರೆ ಅದು ಅಡುಗೆ ಸಿಲಿಂಡರಿನ ಗ್ಯಾಸಿನ ಅಣ್ಣತಮ್ಮ. ಅದಕ್ಕೆಂದೇ ಮಾಡಿದ ಚಿಕ್ಕ ಮಷಿನ್‌ಗಳಲ್ಲಿ ಅಳತೆ ಮಾಡಿ ಸ್ವಲ್ಪವೇ ಹಾಕಿರುತ್ತಾರೆ. ಎಂಟೂವರೆ ಟನ್ ಡಕ್ಟೆಡ್‌ಗೆ ಕೆಜಿಗಟ್ಟಲೆ ತುಂಬಿ, ಅದು ಲೀಕಾಗಿ, ಮನೆಯ ಎಲ್ಲ ರೂಮಿಗೂ ಗಾಳಿ ಹಂಚುವ ಡಕ್ಟಿನೊಳಗೆ ಹೋದರೆ? ನಾನು ಹಾಕುವುದಿಲ್ಲ, ಹಾಕಿದ್ದನ್ನು ಮುಟ್ಟುವುದೂ ಇಲ್ಲ.

ಜೀನ್ಸ್_ಗಲ್ಲಿ · ಮೇ 9

ಇಷ್ಟೆಲ್ಲ ಯಾಕೆ, ಒಂದು ದೊಡ್ಡ ಕೂಲರ್ ಇಟ್ಟರೆ ಬಳ್ಳಾರಿಗೆ ಸಾಕು. ನಮ್ಮ ಹೊಲಿಗೆ ಶೆಡ್ಡಿನಲ್ಲಿ ಇಪ್ಪತ್ತು ಮಷಿನ್ ಓಡುತ್ತವೆ, ಎರಡೇ ಕೂಲರ್.

ಕೃಷ್ಣೆ_ದಂಡೆ · ಮೇ 9

ಮಾರ್ಚಿಂದ ಮೇವರೆಗೆ ಗಾಳಿ ಒಣ ಇರುವಾಗ ಕೂಲರ್ ಭೇಷ್, ಒಪ್ಪುತ್ತೇನೆ. ಜೂನ್ ಜುಲೈನಲ್ಲಿ ಗಾಳಿಯಲ್ಲೇ ನೀರಿರುವಾಗ ಅದು ಬರೀ ಜಿಗುಟು. ಇನ್ನು ನಮ್ಮ ಬೋರ್ ನೀರಿಗೆ ಒಂದೇ ಸೀಸನ್ನಿಗೆ ಪ್ಯಾಡ್ ಮೇಲೆ ಸುಣ್ಣ ಕಟ್ಟಿ ಕಲ್ಲಾಗುತ್ತದೆ. ಮತ್ತೆ ಕೂಲರಿಗೆ ಕಿಟಕಿ ತೆರೆದಿರಬೇಕು, ತೆರೆದರೆ ನಿಮ್ಮೂರಿನ ಕೆಂಪು ದೂಳು. ನಮ್ಮ ಅತ್ತಿಗೆ ಮನೆ ನಿಮ್ಮೂರಲ್ಲೇ, ಬೆಳಿಗ್ಗೆ ಒರೆಸಿದ ಟೀಪಾಯಿ ಮೇಲೆ ಸಂಜೆ ಹೆಸರು ಬರೆಯಬಹುದು.

ಅದಿರಲಿ. @ಬಿಸಿಲ_ಬಳ್ಳಾರಿ, ಆರು ಕಡೆಗೆ ಗ್ರಿಲ್ ಇದೆ ಅಂದಿರಿ. ಈಗ ಮನೆಯಲ್ಲಿ ಇರುವವರು ಎಷ್ಟು ಜನ? ಯಾರು ಎಲ್ಲಿ ಮಲಗುತ್ತೀರಿ?

ಬಿಸಿಲ_ಬಳ್ಳಾರಿ · ಮೇ 9

ಅಕ್ಕ, ಈ ಪ್ರಶ್ನೆಯನ್ನು ಮೂರು ಮೆಕ್ಯಾನಿಕ್‌ಗಳಲ್ಲಿ ಒಬ್ಬನೂ ಕೇಳಲಿಲ್ಲ, ನಿಜ ಹೇಳಬೇಕೆಂದರೆ ನಾನೂ ಕೇಳಿಕೊಂಡಿರಲಿಲ್ಲ.

ಮನೆ ಕಟ್ಟಿದಾಗ ಒಂಬತ್ತು ಜನ ಇದ್ದೆವು. ಈಗ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ. ಮಗ ಧಾರವಾಡದಲ್ಲಿ ಓದುತ್ತಿದ್ದಾನೆ. ತಮ್ಮ ಬೆಂಗಳೂರು. ತಂಗಿಯರು ರಜೆಗೆ ಮಕ್ಕಳನ್ನು ಕರೆದುಕೊಂಡು ಬಂದರೆ ಹತ್ತು ದಿನ. ಎರಡು ರೂಮು ವರ್ಷದಲ್ಲಿ ಹನ್ನೊಂದು ತಿಂಗಳು ಖಾಲಿ. ಹಿಂದಿನ ರೂಮು, ಆ 22 ಡಿಗ್ರಿಯದು, ಅಪ್ಪ ಅಮ್ಮನದು. ಅವರ ರೂಮು ತಂಪಾಗಲಿ ಅಂತ ರಾತ್ರಿಯಿಡೀ ಆರೂ ಕಡೆ ಓಡಿಸುತ್ತಿದ್ದೇವೆ.

ಖಾಲಿ ರೂಮಿನ ಗ್ರಿಲ್ ಮುಚ್ಚಿ ನೋಡಿದ್ದೆವು. ಎರಡು ದಿನಕ್ಕೆ ಇಂಡೋರ್ ಮೇಲೆ ಐಸ್ ಕಟ್ಟಿ ನೀರು ಸೋರಿತು.

ಪಾನಾ_ಗೇಜು · ಮೇ 9

ಕಟ್ಟದೇ ಇರುತ್ತದಾ! ನಿಮ್ಮದು ಒಂದೇ ಸ್ಪೀಡಿನ ಮಷಿನ್. ಓಡಿದರೆ ಪೂರ್ತಿ ಎಂಟೂವರೆ ಟನ್, ಇಲ್ಲದಿದ್ದರೆ ಸೊನ್ನೆ. ಗ್ರಿಲ್ ಮುಚ್ಚಿದರೆ ಕಾಯಿಲ್ ಮೇಲೆ ಹೋಗುವ ಗಾಳಿ ಕಮ್ಮಿ ಆಗುತ್ತದೆ, ತಂಪು ಒಯ್ಯುವವರಿಲ್ಲ, ಕಾಯಿಲ್ ಅಲ್ಲೇ ಹೆಪ್ಪುಗಟ್ಟುತ್ತದೆ. ಅದರಲ್ಲೂ ಗ್ಯಾಸ್ ಕಮ್ಮಿ ಇದ್ದರೆ ಇನ್ನೂ ಬೇಗ.

ಇಂಥ ಮಷಿನ್ ಓಡುವಾಗ ಗಂಟೆಗೆ ಹತ್ತು ಯೂನಿಟ್ ಆಸುಪಾಸು ಎಳೆಯುತ್ತದೆ. ಇಬ್ಬರು ಮಲಗೋ ರೂಮಿಗೆ 150 ಚದರಡಿ ಅಂತ ಹಿಡಿದರೆ ಬೇಕಾದದ್ದು ಒಂದೂವರೆ ಟನ್. ಉಳಿದದ್ದು ಖಾಲಿ ಮಂಚಕ್ಕೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಅಪ್ಪ ಅಮ್ಮನ ರೂಮಿಗೆ ಒಂದೂವರೆ ಟನ್ ಇನ್ವರ್ಟರ್ ಸ್ಪ್ಲಿಟ್, ನಿಮ್ಮ ರೂಮಿಗೆ ಒಂದು. ಅವರ ರೂಮಿನದು ಮಂಚದ ಮೇಲೆ ಬೇಡ, ಕಾಲ ಕಡೆಯ ಗೋಡೆಯೂ ಬೇಡ, ಪಕ್ಕದ ಗೋಡೆಗೆ. ಖಾಲಿ ರೂಮುಗಳಿಗೆ ಈಗ ಏನೂ ಬೇಡ, ಪೈಪು ವಯರು ಬೇಕಾದರೆ ಎಳೆದಿಟ್ಟುಕೊಳ್ಳಿ. ಟನ್ ಲೆಕ್ಕದಲ್ಲಿ ಒಂದು ವಿಷಯ ನೆನಪಿಡಿ: ಮಷಿನ್ ಮೇಲೆ ಬರೆದ ಟನ್ನು ಹೊರಗೆ 35 ಡಿಗ್ರಿ ಇದ್ದಾಗಿನದು. ನಮ್ಮ ಏಪ್ರಿಲ್ ಮೇನಲ್ಲಿ 42 ದಾಟಿದಾಗ, ಅದೂ ಔಟ್‌ಡೋರ್ ಮಾಳಿಗೆ ಮೇಲೆ ಬಿಸಿಲಲ್ಲಿ ನಿಂತಾಗ, ಅಷ್ಟು ಕೊಡೋದಿಲ್ಲ. ಸ್ಟಾರ್ ಲೇಬಲ್ ಮೇಲಿನ ಯೂನಿಟ್ ಲೆಕ್ಕವೂ ವರ್ಷಕ್ಕೆ 1,600 ಗಂಟೆಗೆ ಮಾತ್ರ. ನಮ್ಮ ಕಡೆ ಅದನ್ನು ಸುಲಭವಾಗಿ ದಾಟುತ್ತೇವೆ. ಅದಕ್ಕೇ 3 ಸ್ಟಾರಿನ ಸೋವಿಗೆ ಹೋಗಬೇಡಿ, ಇಲ್ಲಿ 5 ಸ್ಟಾರಿನ ಹೆಚ್ಚಿನ ದುಡ್ಡು ಬೇಗ ವಾಪಸ್ ಬರುತ್ತದೆ.

ಬಿಸಿಲ_ಬಳ್ಳಾರಿ · ಮೇ 10

ಅಪ್ಪನಿಗೆ ಓದಿ ಹೇಳಿದೆ. ಒಂದೇ ಮಾತು: ‘ಹಾಲ್‌ನಲ್ಲಿ ಡಬ್ಬಿ ನೇತು ಹಾಕಿದರೆ ಮನೆ ಲಾಡ್ಜ್ ಆಗುತ್ತದೆ.’ ರೂಮಿಗೆ ಏನಾದರೂ ಹಾಕಿಕೊಳ್ಳಿ, ಹಾಲ್ ಮುಟ್ಟಬೇಡಿ ಅನ್ನುತ್ತಿದ್ದಾರೆ. ಇನ್ನೂ ಅವರನ್ನು ಮಾತಾಡಿಸೋಕೆ ಬರುವ ಲಾರಿ ಜನ ಇದ್ದಾರೆ, ಸಂಜೆ ಆರಕ್ಕೆ ಹಾಲ್ ತಂಪಿರಬೇಕು. 74 ವರ್ಷದವರ ಜೊತೆ ವಾದ ಮಾಡೋಕೆ ನನ್ನ ಕೈಯಲ್ಲಿ ಆಗೋದಿಲ್ಲ.

ಗಂಗಾವತಿ_ಸೋನಾ · ಮೇ 10

ಹಿರಿಯರು ಸರಿಯಾಗೇ ಹೇಳಿದ್ದಾರೆ 😄

ಪಾನಾ_ಗೇಜು · ಮೇ 10

ಅದಕ್ಕೂ ದಾರಿ ಇದೆ. ಹಾಲ್ ಎಷ್ಟು ಚದರಡಿ? 300 ಸುತ್ತಮುತ್ತ ಇದ್ದರೆ 3 ಟನ್ನಿನ ಚಿಕ್ಕ ಡಕ್ಟೆಡ್ ಸಿಗುತ್ತದೆ, ಸೀಲಿಂಗ್ ಒಳಗೇ ಅಡಗುತ್ತದೆ. ಹಳೇ ಡಕ್ಟನ್ನು ಹಾಲಿನಾಚೆ ಕತ್ತರಿಸಿ ಮುಚ್ಚಿ. ಮಷಿನಿಂದ ಗ್ರಿಲ್ಲಿಗೆ ಐದಾರು ಅಡಿ ಹೊಸ ಡಕ್ಟು, ನೆಲದ ಮೇಲೇ ನಾಲ್ಕೂ ಕಡೆ ನೈಟ್ರೈಲ್ ರಬ್ಬರಿನ ಇನ್ಸುಲೇಷನ್ ಸುತ್ತಿ ಆಮೇಲೆ ಮೇಲೆ ಏರಿಸಬೇಕು. ಗ್ರಿಲ್ ಅದೇ ಹಳೇದು. ಬಂದವರಿಗೆ ಏನೂ ಬದಲಾದ ಹಾಗೆ ಕಾಣೋದಿಲ್ಲ.

ಇಂಡೋರ್ ಕೆಳಗೆ ಸೀಲಿಂಗಿನಲ್ಲಿ ಒಬ್ಬ ಮನುಷ್ಯ ಭುಜ ತೂರಿಸುವಷ್ಟು ಬಾಗಿಲು ಬಿಡಿಸಿ. ಅಂದ ಕೆಡುತ್ತದೆ ಅಂತ ಅಂಗೈಯಗಲ ಬಿಟ್ಟರೆ ಮುಂದೆ ಫಿಲ್ಟರ್ ತೆಗೆಯೋಕೆ ಬಂದವನು ನಿಮ್ಮನ್ನು ಬೈತಾನೆ. ಆ ಬೈಗುಳ ನಾನೇ ತುಂಬಾ ಸಲ ಬೈದಿದ್ದೇನೆ.

ಆದರೆ ಈಗ ಬೇಡ. ಮೇನಲ್ಲಿ ನಮಗೆಲ್ಲ ದಿನಕ್ಕೆ ಹತ್ತು ಕಾಲ್, ಯಾವನೂ ನೆಟ್ಟಗೆ ಕೆಲಸ ಮಾಡೋದಿಲ್ಲ, ನನ್ನನ್ನೂ ಸೇರಿಸಿ. ಮಳೆ ಮುಗಿಯಲಿ.

ಕೊಪ್ಪಳದವ · ಮೇ 11

ಅಲ್ಲಿವರೆಗೆ ಏನು ಮಾಡಬೇಕು ಅವರು?

ಪಾನಾ_ಗೇಜು · ಮೇ 11

ಲೀಕ್ ಹುಡುಕಿಸಿ ಬ್ರೇಜಿಂಗ್ (ಬೆಸುಗೆ) ಮಾಡಿಸಲಿ. ಔಟ್‌ಡೋರ್ ಕಾಯಿಲನ್ನು ಸಾದಾ ನೀರಲ್ಲಿ ತೊಳೆಯಲಿ, ನಿಮ್ಮ ದೂಳಿಗೆ ಅದು ಕೆಂಪು ಕಂಬಳಿ ಹೊದ್ದಿರುತ್ತದೆ. ಸೆಟ್ಟಿಂಗ್ 18 ಬೇಡ, 25 ಇಟ್ಟು ಫ್ಯಾನ್ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತದೆ ಅಂತ ಸ್ಟಾರ್ ಲೇಬಲ್ ಕೊಡುವ ಸರ್ಕಾರಿ ಸಂಸ್ಥೆ ಬಿಇಇ ಲೆಕ್ಕ. ಮತ್ತೆ ಮಾಳಿಗೆಗೆ ಬಿಳಿ ಬಳಿಸಿ. ಸುಣ್ಣಕ್ಕೆ ಅಂಟು ಬೆರೆಸಿದರೂ ಸಾಕು, ಮಳೆಗೆ ತೊಳೆದುಹೋಗುತ್ತದೆ, ಪ್ರತಿ ಫೆಬ್ರವರಿ ಬಳಿಯಬೇಕು. ಬಿಳಿ ಕೂಲ್ ಪೇಂಟ್ ಆದರೆ ಕೆಲವು ವರ್ಷ ತಡೆಯುತ್ತದೆ. ಸ್ಲ್ಯಾಬ್ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹನ್ನೆರಡರವರೆಗೂ ನಿಮ್ಮ ತಲೆ ಮೇಲೆ ಸುರಿಯುತ್ತದೆ, ಎಸಿ ಅದರ ಜೊತೆ ಗುದ್ದಾಡುತ್ತಿದೆ.

ಬಿಸಿಲ_ಬಳ್ಳಾರಿ · ಅಕ್ಟೋಬರ್ 19

ಕೆಲಸ ಮುಗೀತು. ಕಾದದ್ದು ಒಳ್ಳೇದಾಯಿತು, ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು.

ಎರಡು ಸ್ಪ್ಲಿಟ್, ಹಾಲಿಗೆ 3 ಟನ್ ಡಕ್ಟೆಡ್. ಎಲ್ಲ ಸೇರಿ, ಸೀಲಿಂಗ್ ರಿಪೇರಿ, ವೈರಿಂಗ್, ಸ್ಟೆಬಿಲೈಜರ್ ಎಲ್ಲ ಹಿಡಿದು 2 ಲಕ್ಷ 75 ಸಾವಿರ. ತಾಮ್ರದ ಪೈಪು ಪೂರ್ತಿ ಹೊಸದು ಹಾಕಿಸಿದೆ. ಬಂದ ಹುಡುಗರು ಹಳೇ ಪೈಪಿಗೇ ಜೋಡಿಸಿ, ಗ್ಯಾಸ್ ಬಿಟ್ಟು ಗಾಳಿ ಹೊರಗೆ ತಳ್ಳಿದರೆ ಸಾಕು ಅಂದರು. ಪಾನಾ ಸರ್ ಫೋನಲ್ಲಿ ಹೇಳಿಕೊಟ್ಟ ಹಾಗೆ ನಿಂತು ನೈಟ್ರೋಜನ್ ತುಂಬಿಸಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಗೇಜಿನ ಮುಳ್ಳು ಇಳಿದಿತ್ತು! ಹಾಲಿನ ಪೈಪಿನ ಒಂದು ನಟ್ಟು ಸಡಿಲ. ಅದನ್ನು ಸರಿ ಮಾಡಿಸಿ, ವ್ಯಾಕ್ಯೂಮ್ ಪಂಪು ಮುಕ್ಕಾಲು ಗಂಟೆ ಓಡಿಸಿ ಆಮೇಲೆ ಗ್ಯಾಸ್ ಬಿಟ್ಟರು. ಡ್ರೈನಿಗೆ ಒಂದು ಬಕೆಟ್ ನೀರು ಸುರಿದು ಪೂರ್ತಿ ಹೊರಗೆ ಬರುತ್ತದಾ ನೋಡಿದೆವು. ಹುಡುಗರು ನನಗೆ ಏನೇನೋ ಅಡ್ಡಹೆಸರು ಇಟ್ಟಿರಬೇಕು.

ಕೃಷ್ಣೆ_ದಂಡೆ · ಅಕ್ಟೋಬರ್ 19

ಇಡಲಿ ಬಿಡಿ. ಜೆಸ್ಕಾಂ ಆಫೀಸಿಗೆ ಹೋಗಿ ಸ್ಯಾಂಕ್ಷನ್ ಲೋಡ್ (ಮನೆಗೆ ಮಂಜೂರಾದ ಕರೆಂಟಿನ ಮಿತಿ) ಕಮ್ಮಿ ಮಾಡಿಸಿಕೊಳ್ಳಿ. ಹಳೇ ಮಷಿನಿಗಾಗಿ ಜಾಸ್ತಿ ತೆಗೆದುಕೊಂಡಿರುತ್ತೀರಿ, ಎಸಿ ಹಾಕಿದರೂ ಬಿಟ್ಟರೂ ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳ ಚಾರ್ಜ್ ಬೀಳುತ್ತದೆ. ನಾವು ಎರಡು ವರ್ಷ ಸುಮ್ನೆ ಕಟ್ಟಿದೆವು.

ಬಿಸಿಲ_ಬಳ್ಳಾರಿ · ಮೇ 3

ಯಾರೋ ಮೆಸೇಜ್ ಮಾಡಿ ಬಿಲ್ ಎಷ್ಟು ಬಂತು ಅಂತ ಕೇಳಿದರು. ಏಪ್ರಿಲ್ 790 ಯೂನಿಟ್, ಹೋದ ವರ್ಷ 1,480. ಮಾಳಿಗೆಗೆ ಬಿಳಿ ಪೇಂಟೂ ಮಾಡಿಸಿದ್ದೇನೆ, ಅದರ ಪಾಲೆಷ್ಟು ಎಸಿ ಪಾಲೆಷ್ಟು ಬೇರೆ ಮಾಡಲು ಬರೋದಿಲ್ಲ. ಹಿಂದಿನ ರೂಮಲ್ಲಿ ರಾತ್ರಿ 26ಕ್ಕೆ ಇಡುತ್ತಾರೆ, ಅಮ್ಮ ಅದಕ್ಕೂ ಶಾಲು ಹುಡುಕುತ್ತಾಳೆ.

ಎಲ್ಲ ಚೆನ್ನಾಗಿದೆ ಅಂತಲ್ಲ. ಊಟದ ಜಾಗ ಈಗ ಬಿಸಿ. ಹಾಲಿನ ತಂಪು ಅಲ್ಲಿವರೆಗೆ ಬರೋದಿಲ್ಲ. ಮಧ್ಯಾಹ್ನ ತಟ್ಟೆ ಹಿಡಿದುಕೊಂಡು ಹಾಲಿಗೆ ಬರುತ್ತೇವೆ, ಹೆಂಡತಿಗೆ ಸೋಫಾ ಮೇಲೆ ಸಾರು ಚೆಲ್ಲುತ್ತದೆ ಅಂತ ಸಿಟ್ಟು. ತಂಗಿ ಮಕ್ಕಳು ನಾಳಿದ್ದು ಬರುತ್ತಾರೆ, ಖಾಲಿ ರೂಮಿಗೆ ಕೂಲರ್ ತಂದಿಟ್ಟಿದ್ದೇನೆ. @ಜೀನ್ಸ್_ಗಲ್ಲಿ ಗೆದ್ದೆ ಅಂತ ಬರೆಯಬೇಡ.

ಜೀನ್ಸ್_ಗಲ್ಲಿ · ಮೇ 3

ಗೆದ್ದೆ.

ಹಳೇ ಮಷಿನ್ ಗುಜರಿಗೆ ಎಷ್ಟಕ್ಕೆ ಹೋಯಿತು ಅಣ್ಣ? ತಾಮ್ರ ಜಾಸ್ತಿ ಇರುತ್ತದಲ್ಲ ಅದರಲ್ಲಿ.

ಬಿಸಿಲ_ಬಳ್ಳಾರಿ · ಮೇ 4

21 ಸಾವಿರ. ಮೊದಲು ಬಂದವನು 8 ಸಾವಿರ ಅಂದಿದ್ದ, ಕಾಯಿಲ್ ಬೇರೆ ಕಂಪ್ರೆಸರ್ ಬೇರೆ ತೂಕ ಮಾಡಿಸು ಅಂತ ಅಪ್ಪನೇ ಕುರ್ಚಿ ಹಾಕಿಕೊಂಡು ಕೂತರು. ಒಳಗಿದ್ದ ಆರ್‌22 ಗ್ಯಾಸನ್ನು ಗಾಳಿಗೆ ಬಿಡಲಿಲ್ಲ, ಪಾನಾ ಸರ್ ಸಿಲಿಂಡರಿಗೆ ಎಳೆದುಕೊಂಡು ಹೋದರು. ಔಟ್‌ಡೋರ್ ಇದ್ದ ಸಿಮೆಂಟ್ ಕಟ್ಟೆ ಮಾಳಿಗೆ ಮೇಲೆ ಹಾಗೇ ಇದೆ. ಒಡೆಸಬೇಕು ಅಂತಿದ್ದೆ, ಅಮ್ಮ ಅದರ ಮೇಲೆ ಸಂಡಿಗೆ ಇಟ್ಟಿದ್ದಾಳೆ.